ಅಟ್ಟ ಸೇರಿದ ಪಾತ್ರೆಗಳು

ಒಂದು ಡಬರಿ ಸಿಹಿ ಪೊಂಗಲ್ ತಿಂದ ತಪ್ಪಿಗೆ ನನ್ನ ಮದುವೆ ನಿಂತುಹೋಗುವುದರಲ್ಲಿತ್ತು. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ಅಜ್ಜಿಗೆ ಅರಳುಮರಳು ಅನ್ನುತ್ತವೆ. ಅನ್ನಲಿ. ಆ ಪೊಂಗಲ್ಲಿನ ರುಚಿ ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ, ಆ ಭಾನುವಾರ ನಮ್ಮ ಗುಡಿಯಲ್ಲಿ ಎದ್ದ ನಗು ಇನ್ನೂ ಕಿವಿಯಲ್ಲಿದೆ.

ನಮ್ಮೂರು ದೊಡ್ಡಬಳ್ಳಾಪುರದಿಂದ ಮಾಕಳಿದುರ್ಗದ ಕಡೆ ಹೋಗುವ ದಾರಿಯಲ್ಲಿತ್ತು. ಊರಿನ ಒಂದು ಬೀದಿಯಲ್ಲಿ ಇಪ್ಪತ್ತು ಮನೆಯಷ್ಟು ಕ್ರೈಸ್ತರಿದ್ದೆವು. ಮಿಕ್ಕವರ ಹಾಗೆ ನಾವೂ ರಾಗಿ, ಅವರೆ ಬೆಳೆಯುವವರೇ. ಚರ್ಚಿಗೆ ಗುಡಿ ಅನ್ನುತ್ತಿದ್ದೆವು, ಪಾದ್ರಿಗಳಿಗೆ ಸ್ವಾಮೇರು ಅನ್ನುತ್ತಿದ್ದೆವು. ಬೀದಿಯ ಒಂದು ತುದಿಗೆ ಗುಡಿ, ಇನ್ನೊಂದು ತುದಿಗೆ ನಮ್ಮ ಮನೆ. ನಮ್ಮ ಗೋಡೆಗೆ ಗೋಡೆ ಅಂಟಿಸಿಕೊಂಡು ಊರ ಗೌಡರ ಮನೆ. ಗೌಡರ ಹೆಂಡತಿಯನ್ನು ಎಲ್ಲರೂ ಗೌಡ್ತಮ್ಮ ಎಂದೇ ಕರೆಯುತ್ತಿದ್ದರು. ತಾಯಿಯಿಲ್ಲದ ನನ್ನನ್ನು ನಮ್ಮಜ್ಜಿ ಸಾಕಿದಳು, ತಲೆ ಬಾಚಿ ಹೂ ಮುಡಿಸಿದವಳು ಮಾತ್ರ ಗೌಡ್ತಮ್ಮ.

ಆ ಗೌಡ್ತಮ್ಮನಿಗೆ ಕೊಡುವ ಹುಚ್ಚು. ಗೌರಿ ಹಬ್ಬಕ್ಕೆ ಕಡುಬು, ದೀಪಾವಳಿಗೆ ಕಜ್ಜಾಯ, ಸಂಕ್ರಾಂತಿಗೆ ಪೊಂಗಲ್, ಯಾವುದೇ ಆಗಲಿ, ಗುಡಿ ಬೀದಿಯ ಒಂದೊಂದು ಮನೆಗೂ ಒಂದೊಂದು ಹಿತ್ತಾಳೆ ಪಾತ್ರೆಯಲ್ಲಿ ತುಂಬಿ ಕಳಿಸುತ್ತಿದ್ದಳು. ತಿಂದವರು ಪಾತ್ರೆ ತೊಳೆದು ವಾಪಸ್ಸು ಕೊಡಬೇಕು, ಬರಿದಾಗಿ ಮಾತ್ರ ಕೊಡಕೂಡದು. ಬರಿ ಪಾತ್ರೆ ಕೊಟ್ಟರೆ ಕೊಟ್ಟವರ ಮನೆಯೂ ಬರಿದು, ತಕ್ಕೊಂಡವರ ಮನೆಯೂ ಬರಿದು ಎಂದು ನಮ್ಮ ಕಡೆಯ ನಂಬಿಕೆ. ನಾವು ಹಸಿ ಅವರೆಕಾಯಿಯನ್ನೋ, ಕಡಲೆಕಾಯಿಯನ್ನೋ, ಒಂದಚ್ಚು ಬೆಲ್ಲವನ್ನೋ ಹಾಕಿ ಕೊಡುತ್ತಿದ್ದೆವು. ಬೇಯಿಸಿದ್ದನ್ನು ಹಾಕುವ ಹಾಗಿರಲಿಲ್ಲ. ಗೌಡ್ತಮ್ಮನಿಗೊಬ್ಬಳು ಅತ್ತೆಯಿದ್ದಳು, ಬೆಳಗಿನಿಂದ ಬೈಗಿನವರೆಗೆ ಜಗಲಿಯ ಮೇಲೆ ಕೂತಿರುವವಳು. ನಮ್ಮ ಮನೆಗಳಿಗೆ ಕೊಡುವುದಕ್ಕೆ ಆ ಮುದುಕಿಯ ಅಡ್ಡಿಯಿರಲಿಲ್ಲ, ನಮ್ಮ ಮನೆಗಳ ಅಡಿಗೆ ಒಳಗೆ ಬರುವುದಕ್ಕೆ ಅಡ್ಡಿಯಿತ್ತು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಬೇಸರವನ್ನೂ ಮಾಡಿಕೊಳ್ಳುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಮ್ಮ ಗುಡಿಗೆ ಹೊಸ ಸ್ವಾಮೇರು ಬಂದರು. ಇನ್ನೂ ಮೀಸೆ ಚಿಗುರುವ ವಯಸ್ಸಿನವರಂತೆ ಕಾಣುತ್ತಿದ್ದರು. ಶನಿವಾರ ಸಂಜೆ ದೊಡ್ಡಬಳ್ಳಾಪುರದಿಂದ ಸೈಕಲ್ ತುಳಿದುಕೊಂಡು ಬಂದು, ಗುಡಿಯ ಪಕ್ಕದ ಕೋಣೆಯಲ್ಲಿ ತಂಗಿ, ಭಾನುವಾರ ಪೂಜೆ ಮುಗಿಸಿ ಹೊರಡುವರು. ಗುಡಿ ಕಾಯುವವನ ಹೆಂಡತಿ ಅವರಿಗೆ ಅಡಿಗೆ ಮಾಡಿಕೊಡುತ್ತಿದ್ದಳು. ಹಿಂದಿನ ಮುದಿ ಸ್ವಾಮೇರು ಇಂಥದ್ದನ್ನೆಲ್ಲ ಕಂಡೂ ಕಾಣದಂತಿದ್ದರು. ಇವರು ಬಂದ ವರ್ಷವೇ ಪೀಠದ ಮುಂದೆ ನಿಂತು, ಬೇರೆ ದೇವರಿಗೆ ಎಡೆಯಿಟ್ಟದ್ದನ್ನು ಕ್ರೈಸ್ತರು ತಿನ್ನುವುದು ಪಾಪ, ಇನ್ನು ಮೇಲೆ ಈ ಬೀದಿಯೊಳಗೆ ಹಬ್ಬದ ಪಾತ್ರೆ ಬರಕೂಡದು ಎಂದು ಕಟ್ಟಪ್ಪಣೆ ಮಾಡಿಬಿಟ್ಟರು.

ಎಲ್ಲರಿಗಿಂತ ಮೊದಲು ಹೌದೆಂದು ತಲೆಯಾಡಿಸಿದವರು ನಮ್ಮ ಗುಡಿಯ ಮುಖಂಡರು, ಬೀದಿಯವರೆಲ್ಲ ಹಿರಿಯರು ಎಂದು ಕರೆಯುತ್ತಿದ್ದ ಒಬ್ಬ ಯಜಮಾನರು. ಈ ಹಿರಿಯರನ್ನು ನೀವು ನೋಡಬೇಕಾಗಿತ್ತು. ಜಪಸರ ಹಿಡಿದು ಮುಂದಿನ ಸಾಲಿನಲ್ಲಿ ಮಂಡಿಯೂರಿದರೆಂದರೆ ಒಂದೊಂದು ಪದವನ್ನೂ ಎಳೆದೂ ಎಳೆದೂ ಹೇಳುವರು, ಹಿಂದೆ ಕೂತ ಹಸುಗೂಸುಗಳು ನಿದ್ದೆ ಹೋಗಿಬಿಡುತ್ತಿದ್ದವು. ಅವರ ಹೆಂಡತಿ ಇನ್ನೂ ಒಂದು ಕೈ ಮೇಲು. ಬೀದಿಯ ನಡುವಿನ ಜಗಲಿಯಲ್ಲಿ ಜಪಸರ ಎಣಿಸುತ್ತಾ ಕೂತು, ತುಟಿ ದೇವಮಾತೆಯ ಕಡೆಗೆ, ಕಣ್ಣು ಬೀದಿಯ ಕಡೆಗೆ. ಯಾರು ಸೆರಗಿನಡಿಯಲ್ಲಿ ಏನು ಮುಚ್ಚಿಕೊಂಡು ಹೋದರು, ಮಾಂಸ ತಿನ್ನಬಾರದ ಶುಕ್ರವಾರ ಯಾರ ಮನೆಯಲ್ಲಿ ಬಾಡಿನ ವಾಸನೆ ಬಂತು, ಎಲ್ಲವೂ ಆ ಕಣ್ಣಿಗೆ ಬೀಳಬೇಕು.

ಅಪ್ಪಣೆಯೇನೋ ಆಯಿತು. ಗೌಡ್ತಮ್ಮನಿಗೆ ಅದನ್ನು ಹೇಳುವವರು ಯಾರು? ಅವಳು ಎಂದಿನಂತೆ ಹಿತ್ತಿಲ ಕಡೆಯಿಂದ ಕಡುಬು ಕಳಿಸಿದಳು. ಬಿಸಿ ಬಿಸಿ ಕಡುಬು ಬಾಗಿಲಿಗೆ ಬಂದರೆ ಬೇಡ ಅನ್ನುವ ಗಂಡೆದೆ ಯಾರಿಗಿದೆ? ಎಲ್ಲರೂ ತಕ್ಕೊಂಡರು, ಎಲ್ಲರೂ ಬಾಗಿಲು ಹಾಕಿಕೊಂಡು ತಿಂದರು. ಪೇಚು ಶುರುವಾದದ್ದು ತಿಂದಾದ ಮೇಲೆ. ಪಾತ್ರೆಯನ್ನು ವಾಪಸ್ಸು ಕೊಡಬೇಕಲ್ಲ! ಕೊಡಬೇಕೆಂದರೆ ಏನಾದರೂ ತುಂಬಿಕೊಂಡು, ವಾಡಿಕೆಯಂತೆ ಗೌಡರ ಮುಂಬಾಗಿಲಿಗೇ, ಹಿರಿಯರ ಜಗಲಿಯ ಕಣ್ಣೆದುರೇ ನಡೆಯಬೇಕು. ನಡೆದರೆ ತಿಂದದ್ದನ್ನು ಡಂಗುರ ಸಾರಿದಂತೆ. ಹಾಗಾಗಿ ಪಾತ್ರೆಗಳು ಅಟ್ಟ ಸೇರಿದವು. ಗೌರಿ ಹಬ್ಬದ್ದರ ಮೇಲೆ ದೀಪಾವಳಿಯದ್ದು, ದೀಪಾವಳಿಯದ್ದರ ಮೇಲೆ ಸಂಕ್ರಾಂತಿಯದ್ದು. ಒಬ್ಬರ ಮನೆಯ ಅಟ್ಟ ಇನ್ನೊಬ್ಬರಿಗೆ ಗೊತ್ತಿಲ್ಲ, ಒಬ್ಬೊಬ್ಬರೂ ತಾನೊಬ್ಬಳೇ ಪಾಪಿ ಅಂದುಕೊಂಡು ಬಾಯಿ ಹೊಲಿದುಕೊಂಡಿದ್ದರು. ಕೊಟ್ಟ ಪಾತ್ರೆಯನ್ನು ಬಾಯಿಬಿಟ್ಟು ಕೇಳುವುದು ಗೌಡ್ತಮ್ಮನ ಜಾಯಮಾನವಲ್ಲ. ಆಗ ಹಿತ್ತಾಳೆ ಕೊಂಡರೂ ಸಿಗದ ಕಾಲ ಬೇರೆ. ಕೊನೆಕೊನೆಗೆ ಪಾಪ, ಅವಳು ಮಣ್ಣಿನ ಕುಡಿಕೆಯಲ್ಲಿ ಮೊಸರು ಹೆಪ್ಪು ಹಾಕುತ್ತಿದ್ದಳು.

ನಮ್ಮಜ್ಜಿ ಮಾತ್ರ ಈ ಅಟ್ಟದ ವ್ಯವಹಾರಕ್ಕೆ ಒಪ್ಪಲಿಲ್ಲ. ತಿಂದ ಬಾಯಿ ತೊಳೆದ ಹಾಗೆ ಪಾತ್ರೆಯನ್ನೂ ತೊಳೆದು ಕೊಡಬೇಕು, ಕೊಡುವುದಕ್ಕೆ ನಾಚಿಕೆಯಾದರೆ ತಿನ್ನಬಾರದು, ಅಷ್ಟೇ ಅವಳ ಧರ್ಮ. ಸಂಕ್ರಾಂತಿಯ ಪೊಂಗಲ್ ತಿಂದ ಮೂರನೆಯ ದಿನ ಡಬರಿಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜಿ, ಹೊಲದ ಕಡೆಯಿಂದ ಅವರೆಕಾಯಿ ತುಂಬಿಸಿಕೊಂಡು ಬಂದು ಗೌಡ್ತಮ್ಮನಿಗೆ ಕೊಡು ಎಂದು ನನ್ನನ್ನು ಕಳಿಸಿದಳು. ನಮ್ಮ ಹೊಲವೋ ಗುಡಿಯ ಆಚೆಗಿತ್ತು. ವಾಪಸ್ಸು ಬರುವಾಗ ಹಿರಿಯರ ಜಗಲಿ ದಾಟಲೇಬೇಕು.

ಜಪಸರ ನಿಂತಿತು. ಯಾರ ಡಬರಿಯೇ ಅದು ಎಂದಳು ಹಿರಿಯರ ಹೆಂಡತಿ. ನನಗೆ ಸುತ್ತಿಬಳಸಿ ಹೇಳುವುದು ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಗೌಡ್ತಮ್ಮನದು, ಸಂಕ್ರಾಂತಿ ಪೊಂಗಲ್ ಕಳಿಸಿದ್ದರು, ತಿಂದೆವು, ಪಾತ್ರೆ ಕೊಡಲು ಹೋಗುತ್ತಿದ್ದೇನೆ ಎಂದೆ. ಅವಳು ಶಿಲುಬೆಯ ಗುರುತು ಹಾಕಿಕೊಂಡಳು. ನಾನು ಡಬರಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಮುಂದಕ್ಕೆ ನಡೆದೆ.

ಇದೇ ಹೊತ್ತಿಗೆ ನನ್ನ ಮದುವೆ ಗೊತ್ತಾಯಿತು. ಹುಡುಗ ಹೊಸಕೋಟೆ ಕಡೆಯವನು, ಬಡಗಿ. ಹಿಂದಿನ ವರ್ಷ ಅವರೂರಿನ ಗುಡಿಯ ಹಬ್ಬದಲ್ಲಿ ಅವನನ್ನು ನೋಡಿದ್ದೆ. ಮಾವಿನೆಲೆ ತೋರಣ ಕಟ್ಟಲು ಏಣಿ ಹತ್ತಿದ್ದ, ಏಣಿ ಜಾರಿತು, ಕೈಗೆ ಸಿಕ್ಕಿದ ಗಂಟೆಯ ಹಗ್ಗ ಹಿಡಿದು ನೇತಾಡಿದ. ಢಣ್ ಢಣ್ ಎಂದು ಗಂಟೆ ಬಡಿದು, ಪೂಜೆಗೆ ಹೊತ್ತಾಯಿತೆಂದು ಊರಿಗೆ ಊರೇ ಓಡಿಬಂತು. ಅಷ್ಟು ಜನರ ಮುಂದೆ ನೇತಾಡಿಕೊಂಡೇ ಅವನು ನಕ್ಕ. ಬೇರೆಯವನಾಗಿದ್ದರೆ ಏಣಿ ಹಿಡಿದವನಿಗೆ ಬೈಯುತ್ತಿದ್ದ. ನನಗೆ ಅವನೇ ಬೇಕೆನಿಸಿತು, ಆ ನಗು ದಿನಾ ನೋಡಬೇಕೆನಿಸಿತು. ದೇವರ ದಯೆ, ಅವರ ಕಡೆಯವರೇ ಕೇಳಿಕೊಂಡು ಬಂದರು. ಅವನ ತಾಯಿಗೆ ಮಾತ್ರ ನನ್ನ ಬಾಯಿ ಜೋರೆಂದು ಒಳಗೊಳಗೇ ಅಳುಕು. ಹಿರಿಯರ ಹೆಂಡತಿಯ ತಂಗಿಯ ಮಗಳನ್ನೂ ಅದೇ ಹುಡುಗನಿಗೆ ತೋರಿಸಿದ್ದರಂತೆ. ಇದು ನನಗೆ ಆಮೇಲೆ ತಿಳಿಯಿತು.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಗುಡಿಯಲ್ಲಿ ಗಂಡುಹೆಣ್ಣಿನ ಹೆಸರು ಕೂಗಬೇಕು. ಅಡ್ಡಿ ಗೊತ್ತಿರುವವರು ಎದ್ದು ಹೇಳಬೇಕು. ಎರಡು ಭಾನುವಾರ ಕೂಗಿ ಆಗಿತ್ತು. ಮೂರನೆಯದು ಉಪವಾಸದ ತಪಸ್ಸುಕಾಲಕ್ಕೆ ಮುಂಚಿನ ಕೊನೆಯ ಭಾನುವಾರ. ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡರೆ ಮುಗಿಯಿತು, ಈಸ್ಟರ್ ಹಬ್ಬದವರೆಗೆ ಮದುವೆಯಿಲ್ಲ. ಅದಕ್ಕೇ ಮಂಗಳವಾರವೇ ಮದುವೆ ಎಂದು ಇಟ್ಟುಕೊಂಡಿದ್ದರು. ಆ ಭಾನುವಾರ ತಪ್ಪಿದರೆ ಹುಡುಗನ ತಾಯಿ ಈಸ್ಟರಿನವರೆಗೆ ಕಾಯುವವಳಲ್ಲ ಎಂಬುದು ನನಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು.

ಅವತ್ತು ಸ್ವಾಮೇರು ಉಪದೇಶ ಮುಗಿಸಿ ನಮ್ಮಿಬ್ಬರ ಹೆಸರು ಕೂಗಿದರು. ಹಿರಿಯರು ಎದ್ದು ನಿಂತು, ಕೆಮ್ಮಿ, ಅಡ್ಡಿ ಇದೆ ಎಂದರು. ಸ್ವಾಮೇರ ಅಪ್ಪಣೆ ಮೀರಿ ಈ ಹುಡುಗಿ ಎಡೆಯ ಪೊಂಗಲ್ ತಿಂದಿದ್ದಾಳೆ, ಪಾತ್ರೆಯನ್ನು ಹಾಡಹಗಲೇ ಹೊತ್ತುಕೊಂಡು ಹೋದಳು, ನಮ್ಮ ಮನೆಯವರು ಕಣ್ಣಾರೆ ಕಂಡಿದ್ದಾರೆ, ಗುಡಿಯ ನಡುವೆ ಮಂಡಿಯೂರಿ ಪ್ರಾಯಶ್ಚಿತ್ತ ಮಾಡುವ ತನಕ ಇಂಥವಳ ಮದುವೆ ಕೂಗುವುದು ಹೇಗೆ ಎಂದು ಎಳೆದೆಳೆದು ಹೇಳಿದರು. ಜಪ ಹೇಳುವ ರಾಗವೇ ಅದಕ್ಕೂ.

ಸ್ವಾಮೇರ ಮುಖ ಕೆಂಪಾಯಿತು. ಹೆಂಗಸರ ಕಡೆ ತಿರುಗಿ, ನಿಜವೇನಮ್ಮ ಎಂದು ನನ್ನನ್ನು ಕೇಳಿದರು. ನಾನು ಮುಸುಕು ಸರಿಮಾಡಿಕೊಂಡು ಎದ್ದೆ. ಮಂಗಳವಾರ ಕೈಬಿಟ್ಟು ಹೋಗುತ್ತಿದೆ ಎಂದು ನನಗೆ ಗೊತ್ತಿತ್ತು.

"ನಿಜ ಸ್ವಾಮಿ. ತಿಂದೆ," ಎಂದೆ. ಸುಮ್ಮನೆ ಕೂರಬಾರದಿತ್ತೇ? "ಚೆನ್ನಾಗಿತ್ತು," ಎಂದೂ ಹೇಳಿಬಿಟ್ಟೆ.

ಅಜ್ಜಿ ಕೆಳಗಿನಿಂದ ನನ್ನ ಸೀರೆ ಎಳೆದಳು. ಸ್ವಾಮೇರು ಇನ್ನು ಯಾರಾದರೂ ತಿಂದಿರುವಿರಾ ಎಂದು ಗುಡಿಯನ್ನೆಲ್ಲ ಒಂದು ಸುತ್ತು ನೋಡಿದರು. ಗಂಡಸರು ಚಾವಣಿ ನೋಡಿದರು, ಹೆಂಗಸರು ಚಾಪೆ ನೋಡಿದರು. ಸ್ವಾಮೇರ ಕಿವಿಯಲ್ಲಿ ಪಾಪ ಒಪ್ಪಿಕೊಳ್ಳುವ ಪಾಪಸಂಕೀರ್ತನೆಯಲ್ಲೂ ಯಾರೂ ಇದನ್ನು ಉಸುರಿರಲಿಲ್ಲವೇನೋ, ಆ ಹುಡುಗು ಮುಖದ ಸ್ವಾಮೇರು ತನ್ನ ಮಂದೆಯಲ್ಲಿ ಒಂದೇ ಕುರಿ ಹಾದಿ ತಪ್ಪಿದೆ ಎಂದೇ ನಂಬಿ ನಿಂತಿದ್ದರು. ಏನೋ ತೀರ್ಮಾನ ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಬಾಗಿಲ ಹತ್ತಿರ ಬಳೆ ಸದ್ದಾಯಿತು. ನೋಡಿದರೆ ಗೌಡ್ತಮ್ಮ! ಹೊಸ್ತಿಲ ಆಚೆಯೇ ಕೈಮುಗಿದುಕೊಂಡು ನಿಂತಿದ್ದಾಳೆ. ಗುಡಿಯೊಳಗೆ ಮಾತು ನಿಂತದ್ದು ಕಂಡು ಪೂಜೆ ಮುಗಿಯಿತೆಂದು ತಿಳಿದಿದ್ದಳು.

"ಅಡ್ಡ ಬಂದೆ ಅಂತ ಬೇಜಾರು ಮಾಡ್ಕಬ್ಯಾಡಿ ಸ್ವಾಮೇರೆ," ಎಂದು ನನ್ನತ್ತ ಕೈ ತೋರಿಸಿದಳು. "ನಮ್ಮ ಮಗೀನ ಮದ್ವೆ ಊಟಕ್ಕೆ ನನ್ನ ಪಾತ್ರೆಗೋಳು ಕೊಡ್ತೀನಿ ಅಂದಿದ್ದೆ. ಇವತ್ತು ಪಾತ್ರೆ ಜೋಡ್ಸೋ ನಿಲುವಿನ ಮ್ಯಾಲೆ ನೋಡುದ್ರೆ ಈ ಮಗಾ ತಂದುಕೊಟ್ಟಿದ್ದು ಬಿಟ್ರೆ ಒಂದೂ ಇಲ್ಲ. ಎಲ್ಲಾ ಇಲ್ಲೇ ಅವೆ. ಎಲ್ರೂ ಒಂದೇ ಕಡೆ ಸಿಕ್ತೀರಲ್ಲ ಅಂತ ಬಂದೆ."

ಇಲ್ಲೇ ಅಂದರೆ ಎಲ್ಲಿ ಎಂದು ಸ್ವಾಮೇರು ಕೇಳಿದರು. ಆ ಪುಣ್ಯಾತ್ಗಿತ್ತಿಗೆ ಒಳಗೆ ಏನು ನಡೆಯುತ್ತಿದೆಯೆಂದು ಏನು ಗೊತ್ತು? ಒಬ್ಬೊಬ್ಬರನ್ನೇ ಬೆರಳು ಮಾಡಿ ತೋರಿಸತೊಡಗಿದಳು. ಆ ತಾಯಿಯ ಹತ್ತಿರ ಕಂಠ ನೆಗ್ಗಿದ ಚೊಂಬು, ಈ ಅಕ್ಕನ ಹತ್ತಿರ ಕಿವಿ ಮುರಿದ ಬೋಗುಣಿ, ಕಂಬದ ಹತ್ತಿರ ಕೂತವರ ಮನೆಯಲ್ಲಿ ತನ್ನ ತೌರಿನ ಡಬರಿ, ದೀಪಾವಳಿಯದ್ದು. ಹೆಣ್ಣಿಗೆ ತನ್ನ ಪಾತ್ರೆ ಮರೆಯುತ್ತದೆಯೇ? ಒಂದೊಂದು ಬೆರಳಿಗೂ ಒಂದೊಂದು ಮುಸುಕು ಮೂಗಿನವರೆಗೆ ಇಳಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಕೆಲವು ಗಂಡಸರು ಆಗಲೇ ಬಾಯಿ ಒರೆಸಿಕೊಳ್ಳುತ್ತಿದ್ದರು. ಕೊನೆಗೆ ಬೆರಳು ಮುಂದಿನ ಸಾಲಿಗೆ ಬಂತು. ಹಿರಿಯರ ಮನೆಯಲ್ಲಿ ಮೂರಿವೆ, ಎಂದಳು ಗೌಡ್ತಮ್ಮ, ಅಮ್ಮಾವ್ರಿಗೆ ನನ್ನ ಕಜ್ಜಾಯ ಅಂದರೆ ಬಲು ಇಷ್ಟ, ಹಿತ್ತಿಲ ಬಾಗಿಲಿಂದ ತಾವೇ ಹೆಚ್ಚಿಗೆ ಕೇಳಿ ಈಸಿಕೊಂಡರು, ಅದಕ್ಕೇ ದೊಡ್ಡ ತಪ್ಪಲೆಯಲ್ಲೇ ಕೊಟ್ಟಿದ್ದೆ.

ಹಿರಿಯರು ನಿಂತಲ್ಲೇ ಇದ್ದರು, ಕೂರುವುದೂ ಮರೆತುಹೋಗಿತ್ತು. ಸ್ವಾಮೇರ ಮುಖ ಗಂಟಿಕ್ಕಿ ಗಂಟಿಕ್ಕಿ ಬರುತ್ತಿತ್ತು. ಇಷ್ಟು ಜನಕ್ಕೂ ಬೈಯಲು ಇನ್ನೇನು ಬಾಯಿ ತೆಗೆಯಬೇಕು, ಗೌಡ್ತಮ್ಮ ಇನ್ನೊಂದು ಮಾತು ಸೇರಿಸಿದಳು.

"ನಿಮ್ಮ ಕೋಣೇಲೂ ಒಂದು ಐತೆ ಸ್ವಾಮೇರೆ. ಅವಸರ ಇಲ್ಲ, ನಿಧಾನಕ್ಕೆ ಕೊಡಿ."

ಗುಡಿ ಕಾಯುವವನ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ದೀಪಾವಳಿಯ ಭಾನುವಾರ ಕಜ್ಜಾಯ ತಿಂದು, ಇಷ್ಟು ಒಳ್ಳೆಯ ಕೈ ನಿನ್ನದೆಂದು ಗೊತ್ತಿರಲಿಲ್ಲವಲ್ಲಮ್ಮ ಎಂದು ಸ್ವಾಮೇರು ಅವಳನ್ನು ಹೊಗಳಿದ್ದು ಬೀದಿಗೆಲ್ಲ ಗೊತ್ತಿತ್ತು. ಈಗ ಅದು ಸ್ವಾಮೇರಿಗೂ ನೆನಪಾಯಿತು. ತೆರೆದ ಬಾಯಿ ತೆರೆದೇ ಇತ್ತು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಭುಜ ಕುಲುಕಿತು, ಆಮೇಲೆ ಅವರು ನಕ್ಕರು ನೋಡಿ, ಪೀಠದ ಅಂಚು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅಜ್ಜಿ ನಕ್ಕಳು. ಹಿಂದೆ ಕೂತ ಗಂಡಸರು ನಕ್ಕರು. ಏನು ತಮಾಷೆಯೆಂದು ತಿಳಿಯದೆ ಗೌಡ್ತಮ್ಮನೂ ನಕ್ಕಳು. ನಾನು ಅಜ್ಜಿಯ ಹೆಗಲಿಗೆ ಒರಗಿ ಅತ್ತೂ ಬಿಟ್ಟೆ, ನಕ್ಕೂ ಬಿಟ್ಟೆ.

ಸ್ವಾಮೇರು ಕಣ್ಣೊರೆಸಿಕೊಂಡು, ಹಿರಿಯರೇ, ಅಡ್ಡಿ ಇನ್ನೂ ಇದೆಯೇ ಎಂದು ಕೇಳಿದರು. ಹಿರಿಯರು ಕೂತರು. ಅವರ ಎಳೆತ ಒಂದೇ ಪದಕ್ಕೆ ಇಳಿದದ್ದು ಅವತ್ತೇ, ಇಲ್ಲ ಎಂದರು. ಆಮೇಲೆ ಸ್ವಾಮೇರು ಪ್ರಾಯಶ್ಚಿತ್ತ ವಿಧಿಸಿದರು. ನಾಳೆ ಬೆಳಕಿರುವಾಗಲೇ ಒಬ್ಬೊಬ್ಬರೂ ತಮ್ಮಲ್ಲಿರುವ ಪಾತ್ರೆಯನ್ನು ಈ ಬೀದಿಯಲ್ಲೇ ಹೊತ್ತುಕೊಂಡು ಹೋಗಿ ಕೊಡಬೇಕು, ಸೆರಗು ಮುಚ್ಚಕೂಡದು, ಪಾತ್ರೆ ಬರಿದಾಗಿರಕೂಡದು.

"ಮೊದಲು ನಾನು ಹೋಗ್ತೀನಿ," ಎಂದರು.

ಹೋದರು ಕೂಡ. ಭಾನುವಾರ ಹೊರಡಬೇಕಾದವರು ನಿಂತರು. ಸೋಮವಾರ ಬೆಳಿಗ್ಗೆ ಬಿಳಿ ನಿಲುವಂಗಿಯಲ್ಲಿ, ಒಂದು ಪುಟ್ಟ ಡಬರಿಯ ತುಂಬ ತಮ್ಮ ಪಾಲಿನ ರೇಷನ್ ಸಕ್ಕರೆ ತುಂಬಿಕೊಂಡು, ಬೀದಿಯ ನಟ್ಟನಡುವೆ ನಡೆದರು. ಗೌಡ್ತಮ್ಮನ ಅತ್ತೆ ಜಗಲಿಯಿಂದ ಇಳಿದು ನಿಂತು ಕೈಮುಗಿದಳು. ಅವರ ಹಿಂದೆ ಒಂದೊಂದೇ ಬಾಗಿಲು ತೆರೆಯಿತು. ಅಯ್ಯೋ, ಆ ಸಾಲು! ಒಬ್ಬಳ ಚೊಂಬಿನಲ್ಲಿ ಬೆಲ್ಲ, ಒಬ್ಬಳ ಬೋಗುಣಿಯಲ್ಲಿ ಕೋಳಿಮೊಟ್ಟೆ, ಒಬ್ಬಳದರಲ್ಲಿ ಹಬ್ಬಕ್ಕೆಂದು ಬಚ್ಚಿಟ್ಟ ನೆಲ್ಲಕ್ಕಿ. ಒಬ್ಬರನ್ನೊಬ್ಬರು ನೋಡಿ, ಲೇ, ನೀನೂನಾ ಎಂದು ಬಿದ್ದು ಬಿದ್ದು ನಗುತ್ತಿದ್ದರು. ಇಷ್ಟು ದಿನ ಒಬ್ಬೊಬ್ಬರೇ ಹೊತ್ತುಕೊಂಡಿದ್ದ ಭಾರ ಒಟ್ಟಿಗೆ ಇಳಿದಿತ್ತು. ಗೌಡ್ತಮ್ಮ ಅಷ್ಟನ್ನೂ ಎಣಿಸದೆ ನೇರ ನಮ್ಮ ಅಂಗಳಕ್ಕೇ ಇಳಿಸಿದಳು, ಮಗೀನ ಮದುವೆಗೆ ಇರಲಿ ಎಂದಳು. ರೇಷನ್ನಿನ ಕಾಲದಲ್ಲಿ ನನ್ನ ಮದುವೆಯ ಊಟ ಆದದ್ದು ಹೀಗೆ.

ಹೊತ್ತು ಇಳಿಯುವ ಹೊತ್ತಿಗೆ ಹಿರಿಯರ ಹೆಂಡತಿ ಬಂದಳು. ತಲೆಯ ಮೇಲೆ ದೊಡ್ಡ ತಪ್ಪಲೆ, ಒಂದೊಂದು ಕಂಕುಳಲ್ಲಿ ಒಂದೊಂದು ಪಾತ್ರೆ. ಮೂರೂ ಭರ್ತಿ. ನನ್ನ ಮುಖ ನೋಡದೆ ನಮ್ಮ ಅಂಗಳದಲ್ಲಿ ಇಳಿಸಿದಳು. ತಪ್ಪಲೆಯಲ್ಲಿ ಎರಡು ಹುಂಜಗಳು ಕಾಲು ಕಟ್ಟಿಸಿಕೊಂಡು ಕೂತಿದ್ದವು. ನಾನು ಒಂದು ಚುಚ್ಚುಮಾತು ಸಿದ್ಧಮಾಡಿಟ್ಟುಕೊಂಡಿದ್ದೆ. ಅವಳ ಹಣೆಯ ಬೆವರು ನೋಡಿ ಅದನ್ನು ಬಿಟ್ಟು ಒಂದು ಲೋಟ ಮಜ್ಜಿಗೆ ಕೊಟ್ಟೆ. ಕುಡಿದವಳು ಸೆರಗು ಸಿಕ್ಕಿಸಿಕೊಂಡು ಸೀದಾ ನಮ್ಮ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತಳು. ಮರುದಿನ ಮದುವೆ ಊಟ ಮುಗಿಯುವವರೆಗೆ ಅಲ್ಲಿಂದ ಏಳಲಿಲ್ಲ.

ಮಂಗಳವಾರ ಮದುವೆಯಾಯಿತು. ಗುಡಿಯಲ್ಲಿ ಅವನು ಅದೇ ನಗು ನಕ್ಕ, ಸ್ವಾಮೇರು ಈಗ ನಗಬಾರದು ಎಂದು ಗದರಿ ತಾವೇ ನಕ್ಕರು. ಬಾಡೂಟ, ಮುದ್ದೆ, ಅನ್ನ. ಹೊಸಕೋಟೆಯ ಅತ್ತೆ ಎರಡು ಸಲ ಸಾರು ಹಾಕಿಸಿಕೊಂಡರು. ಗೌಡ್ತಮ್ಮ ಬೆಳಗಿನಿಂದ ಓಡಾಡಿದಳು, ಎಲೆ ಹಾಕಿದಳು, ನೀರು ಬಡಿಸಿದಳು. ಊಟಕ್ಕೆ ಯಾರೂ ಅವಳನ್ನು ಬಲವಂತ ಮಾಡಲಿಲ್ಲ. ವಾಡಿಕೆ ಗೊತ್ತಿದ್ದದ್ದೇ, ಬಾಳೆಹಣ್ಣು ವೀಳ್ಯ ಕೊಟ್ಟರು, ತಕ್ಕೊಂಡಳು.

ಎಲ್ಲರದ್ದೂ ಮುಗಿದು ಪಾತ್ರೆ ತೊಳೆಯುವ ಹೊತ್ತು. ನಾನು ಸೀರೆ ಬದಲಾಯಿಸಲು ಒಳಗೆ ಬಂದಿದ್ದೆ. ಹಿತ್ತಿಲ ಬಾಗಿಲಲ್ಲಿ ಗೌಡ್ತಮ್ಮ ನಿಂತಿದ್ದಳು, ಕೈಯಲ್ಲಿ ಅಜ್ಜಿ ಹುಣಸೆಹಣ್ಣು ಹಚ್ಚಿ ಉಜ್ಜಿದ್ದ ಅದೇ ಡಬರಿ. ಆ ಕಡೆ ಈ ಕಡೆ ನೋಡಿ ಅದನ್ನು ನನ್ನ ಮುಂದೆ ಚಾಚಿದಳು.

"ಬಾಡಿನ ಸಾರು ಮಿಕ್ಕಿದ್ರೆ ಇದ್ರಾಗೆ ಒಂದಿಷ್ಟು ಹಾಕವ್ವ," ಎಂದು ಪಿಸುಗುಟ್ಟಿದಳು. "ಬೆಳಗಿಂದ ಘಮಘಮ ಅಂತೈತೆ, ತಡಿಯಾಕ್ಕಾಯ್ತಿಲ್ಲ. ಮುಚ್ಚಿ ಕೊಡು. ನಮ್ಮತ್ತೆ ಜಗಲಿ ಮ್ಯಾಲವಳೆ."

ನನಗೆ ನಗು ತಡೆಯಲಿಲ್ಲ. ಒಳ್ಳೆಯ ತುಂಡು ಆರಿಸಿ ಆರಿಸಿ ಡಬರಿ ತುಂಬಿಸಿದೆ, ಮುಚ್ಚಲು ತಟ್ಟೆಗಾಗಿ ಹುಡುಕಾಡಿದೆ. ಒಲೆಯ ಮುಂದಿನಿಂದ ಹಿರಿಯರ ಹೆಂಡತಿ ಎದ್ದಳು. ಡಬರಿಯನ್ನು ನನ್ನ ಕೈಯಿಂದ ತಕ್ಕೊಂಡು, ಬಾಡಿಸಿದ ಬಾಳೆಲೆಯನ್ನು ಬಾಯಿಗೆ ಬಿಗಿದು, ನಾರು ಸುತ್ತಿ, ಅದರ ಮೇಲೆ ಒಂದು ಹಿಡಿ ಹಸಿ ಅವರೆಕಾಯಿ ಹರಡಿದಳು. ಹೊರಗಿನಿಂದ ನೋಡಿದರೆ ಡಬರಿಯ ತುಂಬ ಅವರೆಕಾಯಿಯೇ.

"ಇದೆಲ್ಲ ನಿಂಗೆ ಬರಕ್ಕಿಲ್ಲ ಬಿಡು," ಎಂದು ನನ್ನ ಕೆನ್ನೆ ತಟ್ಟಿ, ಡಬರಿಯನ್ನು ಗೌಡ್ತಮ್ಮನ ಸೊಂಟಕ್ಕೆ ಏರಿಸಿದಳು.